ತಂತಿ ಇಳಿದ ಮೇಲೆ ಉಳಿದ ಕಣಜಗಳು

(ದಾವಣಗೆರೆಯಲ್ಲಿ ಓದುಗ ಗೆಳೆಯರ ಮುಂದೆ ಆಡಿದ ಮಾತುಗಳನ್ನು ತುಸು ತಿದ್ದಿ ಬರೆದದ್ದು)

ಎಲಿವೇಟರ್ ಎಂದರೆ ನಮಗೆ ಆಸ್ಪತ್ರೆಯ ಲಿಫ್ಟು. ಕರಪತ್ರದಲ್ಲಿ ‘ಹಳೆಯ ರೈಲು, ಹಳೆಯ ಎಲಿವೇಟರು’ ಎಂದು ಅಚ್ಚಾದದ್ದನ್ನು ಓದಿ, ರೈಲು ನಿಲ್ದಾಣದಲ್ಲಿ ಕೆಟ್ಟು ನಿಂತ ಲಿಫ್ಟಿನ ಬಗ್ಗೆ ಯಾರೋ ದೂರು ಹೇಳುತ್ತಾರೆಂದು ಬಂದವರು ಇಲ್ಲಿ ಇಬ್ಬರಿದ್ದಾರೆ. ಬಾಗಿಲಲ್ಲೇ ಸಿಕ್ಕಿ ಹೇಳಿದರು. ಬಂದದ್ದಂತೂ ಬಂದಿದ್ದೀರಿ, ಕುಳಿತು ಕೇಳಿ. ನಾನು ಹೇಳುವ ಎಲಿವೇಟರು ಮನುಷ್ಯರನ್ನಲ್ಲ, ಗೋಧಿಯನ್ನು ಮೇಲೆತ್ತುವುದು. ಉತ್ತರ ಕರ್ನಾಟಕದ ಹಗೇವನ್ನು ನೆಲದಿಂದ ಕಿತ್ತು, ಏಳೆಂಟು ಮಹಡಿಯ ಎತ್ತರಕ್ಕೆ ನೆಟ್ಟಗೆ ನಿಲ್ಲಿಸಿ, ಮೇಲೊಂದು ತಗಡಿನ ಟೋಪಿ ಹಾಕಿದರೆ ಹೇಗೋ ಹಾಗೆ.

ನಾನು ವಿದ್ಯುತ್ ಇಲಾಖೆಯಲ್ಲಿ ಉಪಕೇಂದ್ರಗಳ ನಡುವೆ ಆಯುಸ್ಸು ಕಳೆದವನು. ನಿವೃತ್ತನಾದ ಮೇಲೆ ಐದು ತಿಂಗಳು ಮಗಳ ಮನೆಯಲ್ಲಿದ್ದೆ. ಅವಳಿರುವುದು ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಪುಲ್‌ಮನ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ಸುತ್ತಲಿನ ಸೀಮೆಗೆ ಪಲೂಸ್ ಎಂದು ಹೆಸರು. ಮರಳುಗಾಡಿನಲ್ಲಿ ಮರಳಿನ ದಿಬ್ಬಗಳಿರುತ್ತವಲ್ಲ, ಆ ದಿಬ್ಬಗಳೆಲ್ಲ ಫಲವತ್ತಾದ ಮಣ್ಣಿನವಾಗಿದ್ದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ. ಹಿಮಯುಗದಿಂದೀಚೆಗೆ ಗಾಳಿ ತಂದು ಸುರಿದ ನುಣ್ಣನೆಯ ಮಣ್ಣು ಅದು. ಕಾಲುವೆ ಇಲ್ಲ, ಕೊಳವೆಬಾವಿ ಇಲ್ಲ. ಚಳಿಗಾಲದ ಹಿಮ ಮತ್ತು ಮಳೆಯ ಹಸಿಯಲ್ಲೇ ಗೋಧಿ ಎದೆಮಟ್ಟ ಬರುತ್ತದೆ. ನಮ್ಮ ಹಿಂಗಾರಿ ಜೋಳದವರು ನೋಡಿದರೆ ಹೊಟ್ಟೆ ಉರಿದುಕೊಳ್ಳಬೇಕು.

ಒಂದು ಭಾನುವಾರ ಅಳಿಯ ಕಾರಿನಲ್ಲಿ ಸುತ್ತಾಡಿಸಲು ಕರೆದೊಯ್ದ. ಓಕ್ಸ್‌ಡೇಲ್ ದಾಟಿದ ಮೇಲೆ ಹೊಲದ ನಡುವೆ ಒಂದು ಎಲಿವೇಟರು ಕಂಡಿತು. ರಸ್ತೆಯಿಂದ ಅರ್ಧ ಕಿಲೋಮೀಟರು ಒಳಗೆ, ಒಂಟಿಯಾಗಿ, ತುಕ್ಕು ಹಿಡಿದ ತಗಡು ಹೊದ್ದು ನಿಂತಿತ್ತು. ಊರಿಲ್ಲ, ಮನೆಯಿಲ್ಲ. ಇಷ್ಟು ದೊಡ್ಡ ಕಣಜವನ್ನು ದಾರಿಯಿಲ್ಲದ ಕಡೆ ಯಾರಾದರೂ ಕಟ್ಟುತ್ತಾರೆಯೇ? ಕಾರು ನಿಲ್ಲಿಸಿ ಇಳಿದು ನೋಡಿದೆ. ಅದರ ಬುಡದಿಂದ ಹೊರಟ ತೆಳ್ಳನೆಯ ಏರಿಯೊಂದು ಗೋಧಿಯ ನಡುವೆ ಹಾವಿನಂತೆ ಸಾಗಿ ಗುಡ್ಡದ ಸೊಂಟ ಬಳಸಿ ಮರೆಯಾಗಿತ್ತು. ಹೊಲದ ಬದುವಾಗಿದ್ದರೆ ಅಂಕುಡೊಂಕಾಗಿರುತ್ತಿತ್ತು. ಇದು ಒಂದೇ ಹದದ ತಿರುವು, ಒಂದೇ ಹದದ ಏರು. ಅಂಥ ಏರಿಯನ್ನು ಹಾಕುವುದು ರೈಲಿನವರು ಮಾತ್ರ.

ಅಷ್ಟರಲ್ಲಿ ಹೊಲದ ಯಜಮಾನರು ಪಿಕಪ್ ಗಾಡಿಯಲ್ಲಿ ಬಂದರು. ಎಪ್ಪತ್ತೈದು ದಾಟಿದವರು. ಬೇರೆಯವರ ಹೊಲದಲ್ಲಿ ನಿಂತು ನೆಲ ನೋಡುತ್ತಿರುವ ಇಬ್ಬರು ಕಂದು ಮೈಬಣ್ಣದವರನ್ನು ಕಂಡು ಮೊದಲು ಹುಬ್ಬು ಗಂಟಿಕ್ಕಿದರು. ರೈಲಿನ ದಾರಿ ನೋಡುತ್ತಿದ್ದೇನೆ ಎಂದಾಗ ಮುಖ ಸಡಿಲವಾಯಿತು. “ಎಲೆಕ್ಟ್ರಿಕ್ ಲೈನು” ಎಂದರು. ನಾನು ಬೆಪ್ಪಾದೆ. ಡಾಂಬರು ರಸ್ತೆಯೂ ಸರಿಯಾಗಿಲ್ಲದ ಈ ಗೋಧಿ ಗುಡ್ಡಗಳ ನಡುವೆ ವಿದ್ಯುತ್ ರೈಲೇ? ಯಾವಾಗ? “ನಮ್ಮ ಅಜ್ಜನ ಕಾಲದಲ್ಲಿ” ಎಂದರು.

ಅಂದಿನಿಂದ ಉಳಿದ ನಾಲ್ಕು ತಿಂಗಳು ನನಗೆ ಅದೇ ಕೆಲಸ. ಮಗಳು “ಅಪ್ಪನಿಗೆ ರೈಲು ಹಿಡಿದಿದೆ” ಎಂದು ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು.

ಕತೆ ಇಷ್ಟು. ಸ್ಪೋಕ್ಯಾನ್ ಆ ಭಾಗದ ದೊಡ್ಡ ಪಟ್ಟಣ. ಜೇ ಗ್ರೇವ್ಸ್ ಎಂಬಾತ ಅಲ್ಲಿ ಗಣಿಯಲ್ಲಿ ಹಣ ಮಾಡಿ, ನಿವೇಶನಗಳನ್ನು ಮಾರಿ, ನಿವೇಶನ ಮಾರಾಟವಾಗಲೆಂದೇ ಟ್ರಾಮು ಓಡಿಸಿದ್ದವನು. 1904ರಲ್ಲಿ ಆತ ಟ್ರಾಮನ್ನು ಹಳ್ಳಿಗಳ ಕಡೆಗೆ ಚಾಚುವ ಯೋಜನೆ ಹಾಕಿದ. ಸ್ಪೋಕ್ಯಾನಿನಿಂದ ತೆಂಕಲಿಗೆ ಹೊರಟ ಹಳಿ ಸ್ಪ್ರಿಂಗ್ ವ್ಯಾಲಿ ಎಂಬಲ್ಲಿ ಕವಲೊಡೆಯಿತು. ಒಂದು ಕವಲು ರೊಸೇಲಿಯಾ, ಸ್ಟೆಪ್ಟೋ ಹಾದು 1907ರಲ್ಲಿ ಕೋಲ್‌ಫ್ಯಾಕ್ಸ್ ಮುಟ್ಟಿತು. ಇನ್ನೊಂದು ಓಕ್ಸ್‌ಡೇಲ್, ಗಾರ್ಫೀಲ್ಡ್, ಪಲೂಸ್ ಊರುಗಳ ಮೂಲಕ 1908ರಲ್ಲಿ ಮಾಸ್ಕೋ ಸೇರಿತು. ರಷ್ಯಾದ ಮಾಸ್ಕೋ ಅಲ್ಲ; ಪಕ್ಕದ ಐಡಹೋ ರಾಜ್ಯದ್ದು. ಇದಲ್ಲದೆ ಮೂಡಣ ದಿಕ್ಕಿಗೆ, ಕೋರ್ ಡಲೇನ್ ಸರೋವರದ ದಡಕ್ಕೆ ಹೋಗುವ ಹಾದಿಯೊಂದು ಮೊದಲೇ ಇತ್ತು. ಎಲ್ಲವನ್ನೂ ಕೂಡಿಸಿ ಸ್ಪೋಕ್ಯಾನ್ ಅಂಡ್ ಇನ್‌ಲ್ಯಾಂಡ್ ಎಂಪೈರ್ ರೈಲ್ ರೋಡ್ ಎಂದು ಕರೆದರು. ಇನ್‌ಲ್ಯಾಂಡ್ ಎಂಪೈರ್ ಎಂದರೆ ಒಳನಾಡಿನ ಸಾಮ್ರಾಜ್ಯ. ನಿವೇಶನ ಮಾರುವವರು ಹೆಸರಿನಲ್ಲಿ ಯಾವತ್ತೂ ಜಿಪುಣತನ ತೋರಿಸುವುದಿಲ್ಲ.

ವಿದ್ಯುತ್ತಿನ ಮಾತಿಗೆ ಬರುತ್ತೇನೆ. ನನಗೆ ಬಾಯಿ ತುರಿಸುವ ಜಾಗ ಇದು. ಆಗಿನ ಟ್ರಾಮುಗಳೆಲ್ಲ ಸುಮಾರು 600 ವೋಲ್ಟಿನ ನೇರ ವಿದ್ಯುತ್ತಿನಲ್ಲಿ, ಅಂದರೆ ಡಿಸಿಯಲ್ಲಿ, ಓಡುತ್ತಿದ್ದವು. ಪಟ್ಟಣಕ್ಕೆ ಅದು ಸರಿ. ಆದರೆ ಅಷ್ಟು ಕಡಿಮೆ ಒತ್ತಡದಲ್ಲಿ ದೂರಕ್ಕೆ ವಿದ್ಯುತ್ ಕಳುಹಿಸಿದರೆ ಅದು ತಂತಿಯಲ್ಲೇ ಕಾದು ಸೋರಿಹೋಗುತ್ತದೆ. ಹಾದಿಯುದ್ದಕ್ಕೂ ಪರಿವರ್ತಕ ಯಂತ್ರ, ಅದನ್ನು ಕಾಯುವ ಆಳು, ಆಳಿಗೊಂದು ಮನೆ ಬೇಕು. ಪಲೂಸಿನಂಥ ವಿರಳ ಜನವಸತಿಯ ಸೀಮೆಯಲ್ಲಿ ಇದು ಕಟ್ಟಿಬರುವುದಿಲ್ಲ. ಅದಕ್ಕಾಗಿ ಗ್ರೇವ್ಸ್‌ನ ಎಂಜಿನಿಯರುಗಳು ಆಗಷ್ಟೇ ಕಣ್ಣುಬಿಟ್ಟಿದ್ದ ವೆಸ್ಟಿಂಗ್‌ಹೌಸ್ ಕಂಪನಿಯ ಹೊಸ ಪದ್ಧತಿಯನ್ನು ಹಿಡಿದರು. ರೈಲಿನ ತಲೆಯ ಮೇಲಿನ ತಂತಿಯಲ್ಲೇ 6,600 ವೋಲ್ಟಿನ ಪರ್ಯಾಯ ವಿದ್ಯುತ್, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ಎಸಿ, ಸೆಕೆಂಡಿಗೆ 25 ಆವರ್ತ. ನಡುನಡುವೆ ಇಟ್ಟಿಗೆಯ ಸಣ್ಣ ಉಪಕೇಂದ್ರಗಳು, ಒಳಗೆ ಟ್ರಾನ್ಸ್‌ಫಾರ್ಮರು. ತಿರುಗುವ ಯಂತ್ರವೇ ಇಲ್ಲ. ಪಟ್ಟಣದ ಗಡಿ ಬಂದ ಕೂಡಲೇ ಅದೇ ಗಾಡಿ 600 ವೋಲ್ಟಿನ ಟ್ರಾಮ್ ತಂತಿಗೆ ಬದಲಾಗಿ ಬೀದಿಯ ನಡುವೆ ಸಾಧುವಾಗಿ ಸಾಗುತ್ತಿತ್ತು. ಎರಡೂ ಬಗೆಯ ವಿದ್ಯುತ್ತನ್ನು ಉಣ್ಣುವ ಮೋಟಾರು ಅದು. ಆ ಮೋಟಾರಿಗೆ ಆವರ್ತ ಹೆಚ್ಚಾದರೆ ಬ್ರಷ್ಷಿನ ಬಳಿ ಕಿಡಿ ಹಾರುತ್ತದೆ, ಅದಕ್ಕೇ 25.

ಈ 25 ಎಂಬ ಅಂಕಿ ಓದಿದಾಗ ನನಗೆ ದೂರದ ನೆಂಟರ ವಿಳಾಸ ಸಿಕ್ಕಿದಂತಾಯಿತು. 1902ರಲ್ಲಿ ನಮ್ಮ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತೂ 25 ಆವರ್ತದ್ದೇ. 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. ಆ ಕಾಲದ ಭಾರಿ ಯಂತ್ರಗಳಿಗೆಲ್ಲ ಆ ನಿಧಾನದ ಬಡಿತ ಒಗ್ಗುತ್ತಿತ್ತು. ಗ್ರೇವ್ಸ್ ಕೂಡ ಸ್ಪೋಕ್ಯಾನ್ ನದಿಗೆ ನೈನ್ ಮೈಲ್ ಎಂಬಲ್ಲಿ ಅಣೆಕಟ್ಟು ಕಟ್ಟಿ, 1908ರಲ್ಲಿ ತನ್ನದೇ ವಿದ್ಯುತ್ ತೆಗೆದ. ರೈಲು ಹೋಯಿತು, ಕಂಪನಿ ಹೋಯಿತು, ಆ ವಿದ್ಯುದಾಗಾರ ಮಾತ್ರ ಶಿವನಸಮುದ್ರದ ಹಾಗೆ ಇಂದಿಗೂ ದುಡಿಯುತ್ತಿದೆ. ನೀರಿನ ಯಂತ್ರಗಳ ಗಟ್ಟಿತನವೇ ಬೇರೆ.

ಎಂಜಿನಿಯರಿಂಗ್ ಇಷ್ಟು ಚೆನ್ನಾಗಿತ್ತು. ಲೆಕ್ಕಾಚಾರ? ಅದು ಹುಳುಕಾಗಿತ್ತು. ಪಲೂಸಿನ ಊರುಗಳಿಗೆ ಗ್ರೇವ್ಸ್ ಬರುವ ಮೊದಲೇ ಬೇರೆ ಕಂಪನಿಗಳ ಉಗಿಬಂಡಿ ಇತ್ತು. ಕೆಲವು ಊರುಗಳಿಗೆ ಎರಡೆರಡು. ಅವನು ಮೂರನೆಯದನ್ನು ತಂದ. ಅವನ ಬೆನ್ನಿಗೇ 1909ರಲ್ಲಿ ಮಿಲ್ವಾಕೀ ಕಂಪನಿ ನಾಲ್ಕನೆಯದನ್ನು ತಂದಿತು. ರೊಸೇಲಿಯಾದ ಬಳಿ ಇಂದಿಗೂ ನಿಂತಿರುವ ಕಾಂಕ್ರೀಟಿನ ಕಮಾನು ಸೇತುವೆ ಈ ಮಿಲ್ವಾಕೀಯವರದು. ಇಲ್ಲೊಂದು ತಮಾಷೆ ಇದೆ. ಮಿಲ್ವಾಕೀ ಕಂಪನಿ ವಿದ್ಯುತ್ ರೈಲಿಗೆ ಜಗತ್ತಿನಲ್ಲೇ ಹೆಸರುವಾಸಿ. ಆದ್ದರಿಂದ ಪ್ರವಾಸಿಗಳು ಆ ಭವ್ಯ ಸೇತುವೆಯ ಕೆಳಗೆ ನಿಂತು, ಇದೇ ವಿದ್ಯುತ್ ರೈಲಿನ ಹಾದಿ ಎಂದು ಫೋಟೋ ತೆಗೆದುಕೊಳ್ಳುತ್ತಾರೆ. ನಾನೂ ತೆಗೆದುಕೊಂಡೆ. ಆದರೆ ಮಿಲ್ವಾಕೀಯವರು ತಂತಿ ಎಳೆದದ್ದು ಆಚೆಯ ಬೆಟ್ಟಗಳಲ್ಲಿ ಮತ್ತು ಈಚೆಯ ಬೆಟ್ಟಗಳಲ್ಲಿ. ನಡುವಿನ ರೊಸೇಲಿಯಾದ ತುಂಡಿಗೆ ಎಳೆಯಲೇ ಇಲ್ಲ. ನಿಜವಾದ ವಿದ್ಯುತ್ ರೈಲು ಅದೇ ಊರಿನಲ್ಲಿ ಯಾವ ಕಮಾನೂ ಇಲ್ಲದೆ ಬಡವನಂತೆ ಓಡಿಹೋಗಿತ್ತು, ಅದರ ಗುರುತು ಹುಡುಕಿ ತೆಗೆಯಬೇಕು.

ಮೊದಲ ಕೆಲವು ವರ್ಷ ಜನ ಹತ್ತಿದರು. ಹೊಗೆಯಿಲ್ಲ, ಮಸಿಯಿಲ್ಲ, ಹೊಲದ ಅಂಚಿನಲ್ಲೂ ಕೈ ಮಾಡಿದರೆ ನಿಲ್ಲುತ್ತದೆ. 1909ರ ಬೇಸಿಗೆಯಲ್ಲಿ ಕೋರ್ ಡಲೇನ್ ಹಾದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರ್ಕಾರ ಕೋರ್ ಡಲೇನ್ ಮೂಲನಿವಾಸಿಗಳ ಮೀಸಲು ನೆಲದಲ್ಲಿ ಅವರಿಗೆ ಒಂದಿಷ್ಟು ತುಂಡು ಹಂಚಿ, ಉಳಿದದ್ದು ‘ಹೆಚ್ಚುವರಿ’ ಎಂದು ಹೇಳಿ ಹೊರಗಿನವರಿಗೆ ಲಾಟರಿ ಎತ್ತಿತು. ಹೆಸರು ಬರೆಸಲು ದೇಶದ ಮೂಲೆಮೂಲೆಯಿಂದ ಜನ ಬಂದರು. ಆ ನೂಕುನುಗ್ಗಲಿನ ನಡುವೆ ಜುಲೈ 31ರಂದು ಗಿಬ್ಸ್ ಎಂಬಲ್ಲಿ ಎರಡು ರೈಲು ಎದುರುಬದುರಾಗಿ ಗುದ್ದಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಕಂಪನಿ ಪರಿಹಾರ ಕಟ್ಟಿ ಸುಸ್ತಾಯಿತು ಎಂದು ರೈಲಿನ ಚರಿತ್ರೆ ಬರೆಯುವವರು ಮರುಗುತ್ತಾರೆ. ನೆಲ ಕಳೆದುಕೊಂಡವರ ಮಾತು ಅದೇ ಪುಟದಲ್ಲಿ ಬರುವುದು ಅಪರೂಪ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕಂಪನಿ ಗ್ರೇಟ್ ನಾರ್ದರ್ನ್ ರೈಲ್ವೆಯ ಜೇಮ್ಸ್ ಹಿಲ್‌ನ ಬಳಗದ ಕೈಗೆ ಹೋಯಿತು. ಮೋಟಾರು ಕಾರು ಬಂತು. 1919ರಲ್ಲಿ ದಿವಾಳಿಯೆದ್ದು, ಅದರ ಆಡಳಿತವು ನ್ಯಾಯಾಲಯ ನೇಮಿಸಿದವರ ವಶವಾಯಿತು. ತುಂಡಾಗಿ ಮಾರಾಟವಾಗಿ, ಮತ್ತೆ ಒಂದಾಗಿ, ಹೆಸರು ಬದಲಿಸಿಕೊಂಡು ಕುಂಟುತ್ತ ಸಾಗಿತು. ಪಲೂಸಿನ ಹಾದಿಗಳಲ್ಲಿ 1939ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು. 1941ರಲ್ಲಿ ತಂತಿ ಇಳಿಸಿದರು, ಡೀಸೆಲ್ ಎಂಜಿನ್ ಬಂತು.

ಪ್ರಯಾಣಿಕರಿಗಾಗಿ ಕಟ್ಟಿದ ರೈಲು ಪ್ರಯಾಣಿಕರೂ ಹೋಗಿ, ವಿದ್ಯುತ್ತೂ ಹೋಗಿ, ಮತ್ತೆ ನಾಲ್ಕು ದಶಕ ಉಸಿರಾಡಿದ್ದು ಹೇಗೆ? ಗೋಧಿಯಿಂದ. ಇನ್ನು ಮುಂದೆ ನಿಮ್ಮ ಎಪಿಎಂಸಿ ಅಂಗಳದ ಭಾಷೆಯಲ್ಲೇ ಮಾತಾಡಬಹುದು.

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಒಂಟಿ ಎಲಿವೇಟರನ್ನು ನೋಡಿದ ದಿನ ನಾನು ಮನಸ್ಸಿನಲ್ಲೇ ಒಂದು ಚಿತ್ರ ಬರೆದುಕೊಂಡಿದ್ದೆ. 1910ರ ಸುಗ್ಗಿ, ಎಲಿವೇಟರಿನಿಂದ ಗೋಧಿ ಜಲಪಾತದಂತೆ ಧುಮುಕುತ್ತಿದೆ, ಕೆಳಗೆ ವಿದ್ಯುತ್ ಎಂಜಿನ್ನು ಗುಂಯ್‌ಗುಡುತ್ತ ನಿಂತಿದೆ. ಆ ಯಜಮಾನರ ಮನೆಗೆ ಎರಡನೆಯ ಸಲ ಹೋದಾಗ ಈ ಚಿತ್ರವನ್ನು ವರ್ಣಿಸಿದೆ. ಅವರು ಕಾಫಿ ಲೋಟ ಕೆಳಗಿಟ್ಟು, “ಎಲಿವೇಟರ್ ಎಲ್ಲಿಂದ ಬಂತು? ಆಗ ಎಲ್ಲ ಚೀಲ” ಎಂದರು. ಎದ್ದು ಹೋಗಿ ಒಳಗಿನಿಂದ ಏನನ್ನೋ ತಂದು ನನ್ನ ಅಂಗೈಯಲ್ಲಿಟ್ಟರು. ನೋಡಿದರೆ ದಬ್ಬಣ! ಗೋಣಿಚೀಲದ ಬಾಯಿ ಹೊಲಿಯುವ, ತುದಿ ಚಪ್ಪಟೆಯಾದ, ಅಚ್ಚ ನಮ್ಮ ಮಂಡಿಪೇಟೆಯ ದಬ್ಬಣ.

ನಮ್ಮ ತಂದೆ ಇದೇ ಊರಿನಲ್ಲಿ ದಲ್ಲಾಳಿ ಅಂಗಡಿಯ ಗುಮಾಸ್ತರಾಗಿದ್ದರು. ಅಂಗಡಿಯ ಹಮಾಲರ ಸೊಂಟದಲ್ಲಿ ಅಂಥದೇ ಒಂದು ಸಿಕ್ಕಿಸಿರುತ್ತಿತ್ತು, ಕೈಯಲ್ಲಿ ಸುತಲಿ. ಹದಿನಾರು ಸಾವಿರ ರೂಪಾಯಿ ಹೆಚ್ಚುವರಿ ಸಾಮಾನು ಶುಲ್ಕ ಕೊಟ್ಟು ಅಮೆರಿಕಕ್ಕೆ ಉಪ್ಪಿನಕಾಯಿ ಒಯ್ದವನು ನಾನು. ಅಲ್ಲಿ ನನ್ನ ಬಾಲ್ಯವೇ ಕಾದು ಕುಳಿತಿತ್ತು.

ಅಮೆರಿಕದ ನಡುನಾಡಿನಲ್ಲಿ ಎಲಿವೇಟರು ಹಳೆಯದು. ಉಗಿಯಂತ್ರದಿಂದ ನಡೆಯುವ ಮೊದಲನೆಯದನ್ನು ಬಫಲೋ ಬಂದರಿನಲ್ಲಿ ಜೋಸೆಫ್ ಡಾರ್ಟ್ ಎಂಬ ವರ್ತಕ 1842ರಲ್ಲೇ ಕಟ್ಟಿಸಿದ್ದ. ಆದರೆ ಪಶ್ಚಿಮ ಕರಾವಳಿಯ ಗೋಧಿ ಮಾತ್ರ ದಶಕಗಟ್ಟಲೆ ಚೀಲದಲ್ಲೇ ಉಳಿಯಿತು. ಕಾರಣ ಹೊಲದಲ್ಲಿಲ್ಲ, ಹಡಗಿನಲ್ಲಿದೆ. ಪೋರ್ಟ್‌ಲ್ಯಾಂಡಿನಿಂದ ಹೊರಟ ಹಾಯಿಹಡಗು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಇಂಗ್ಲೆಂಡಿಗೆ ಹೋಗಬೇಕು. ತಿಂಗಳುಗಟ್ಟಲೆ ಪ್ರಯಾಣ, ಭಯಂಕರ ಅಲೆ. ಸಡಿಲ ಗೋಧಿ ನೀರಿನಂತೆ ಒಂದು ಪಕ್ಕಕ್ಕೆ ಜಾರಿತೋ, ಹಡಗು ಮಗುಚಿತು. ಚೀಲವಾದರೆ ಅಲುಗುವುದಿಲ್ಲ. ಹಡಗಿಗೆ ವಿಮೆ ಮಾಡುವವರು ಚೀಲವೇ ಬೇಕೆಂದರು. ಆದ್ದರಿಂದ ನೂರಾರು ಮೈಲಿ ಒಳಗಿನ ಗುಡ್ಡದ ಮೇಲಿನ ರೈತ ಕೂಡ ಸುಡುಬಿಸಿಲಿನಲ್ಲಿ ಕುಳಿತು ಚೀಲ ಹೊಲಿದ. ಒಂದೊಂದು ಚೀಲ ಅರವತ್ತು ಕಿಲೋದ ಆಸುಪಾಸು. ಒಕ್ಕುವ ಯಂತ್ರದ ಪಕ್ಕದಲ್ಲೇ ಚೀಲ ಹೊಲಿಯುವವನಿಗೊಂದು ಜಾಗ, ಅವನಿಗೆ ಒಳ್ಳೆಯ ಕೂಲಿ.

ಚೀಲ ಎಲ್ಲಿಯದು? ನಮ್ಮದು! ಕಲ್ಕತ್ತೆಯ ಸೆಣಬು. ವಾಷಿಂಗ್ಟನ್ ರಾಜ್ಯದವರು ಈ ಖರ್ಚು ತಾಳಲಾರದೆ ವಾಲಾ ವಾಲಾ ಊರಿನ ಸೆರೆಮನೆಯಲ್ಲೇ ಒಂದು ಸೆಣಬಿನ ಗಿರಣಿ ಹಾಕಿ, ಕೈದಿಗಳಿಂದ ಚೀಲ ನೇಯಿಸಿ ರೈತರಿಗೆ ಮಾರಿದರು. ನೂಲಿನ ಸೆಣಬು ಮಾತ್ರ ಅಲ್ಲಿಗೂ ಬಂಗಾಳದಿಂದಲೇ ಬರಬೇಕು. ಇಂಗ್ಲಿಷಿನವರ ‘ಗನ್ನಿ’ ನಮ್ಮ ‘ಗೋಣಿ’ಯದೇ ಕೂಸು. ಸಂಸ್ಕೃತದಿಂದಲೋ ಇನ್ನೆಲ್ಲಿಂದಲೋ ಎಂದು ಪಂಡಿತರು ಜಗಳವಾಡಿಕೊಳ್ಳಲಿ. ನಾನು ಆ ದಬ್ಬಣ ಹಿಡಿದು ಯಜಮಾನರಿಗೆ “ಗೋಣಿ” ಎಂದು ಹೇಳಿಸಿದೆ, ಅವರು ‘ಣ’ಕಾರವನ್ನು ನಮ್ಮ ಟಿವಿ ನಿರೂಪಕರಿಗಿಂತ ಚೆನ್ನಾಗಿಯೇ ಹೇಳಿದರು.

ಚೀಲದ ಗೋಧಿಗೆ ಎತ್ತರದ ಕಣಜ ಬೇಡ. ಉದ್ದನೆಯ, ತಗ್ಗಾದ ಗೋದಾಮು ಸಾಕು. ಹಳಿಗೆ ಅಂಟಿಕೊಂಡಂತೆ, ಗಾಡಿಯ ಬಾಗಿಲಿನ ಮಟ್ಟಕ್ಕೆ ಜಗುಲಿ ಇಟ್ಟು ಕಟ್ಟಿದ ಹಲಗೆಯ ಉದ್ದ ಮನೆ. ‘ಫ್ಲಾಟ್‌ಹೌಸ್’ ಎನ್ನುತ್ತಾರೆ. ಗ್ರೇವ್ಸ್‌ನ ವಿದ್ಯುತ್ ರೈಲು ನಿಜವಾಗಿ ಒಡನಾಡಿದ್ದು ಇವುಗಳ ಜೊತೆ. ಇವು ಈಗ ಹೆಚ್ಚಾಗಿ ಉಳಿದಿಲ್ಲ. ಉಳಿದಿರುವ ಕೆಲವು ಟ್ರ್ಯಾಕ್ಟರು, ನೇಗಿಲು, ಹಳೆಯ ಟೈರು ತುಂಬಿಕೊಂಡು ಕೂತಿವೆ. ನೋಡಲು ಬಡಕಲು. ಯಾರೂ ಫೋಟೋ ತೆಗೆಯುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಚೀಲದ ಬೆಲೆ ಏರಿತು, ಹೊಲಿಯುವ, ಹೊರುವ ಆಳು ಸಿಗದಾದರು. 1914ರಲ್ಲಿ ಪನಾಮಾ ಕಾಲುವೆ ತೆರೆದು ಕೇಪ್ ಹಾರ್ನಿನ ಭಯ ತಪ್ಪಿತ್ತು. ನಿಧಾನವಾಗಿ, ಒಂದೊಂದೇ ಊರು ಚೀಲ ಬಿಟ್ಟು ರಾಶಿಗೆ ಬಂದಿತು. ಎಲಿವೇಟರುಗಳು ಭರದಿಂದ ಎದ್ದದ್ದು 1930ರ ದಶಕದಲ್ಲಿ, ರೈತರ ಸಹಕಾರ ಸಂಘಗಳು ಬಲಗೊಂಡ ಮೇಲೆ. ಅಂದರೆ ವಿದ್ಯುತ್ ಗಾಡಿಯ ಕೊನೆಯುಸಿರಿನ ಕಾಲ! ಇವು ಆ ರೈಲಿನ ಮಕ್ಕಳಲ್ಲ. ಅಜ್ಜ ಹಾಸಿಗೆ ಹಿಡಿದಾಗ ಹುಟ್ಟಿದ ಮೊಮ್ಮಕ್ಕಳು. ಎರಡೂ ಒಂದೇ ಮನೆಯಲ್ಲಿದ್ದದ್ದು ಕೆಲವೇ ವರ್ಷ. ಪಾಳು ಬಿದ್ದದ್ದೆಲ್ಲವೂ ನಮ್ಮ ಕಣ್ಣಿಗೆ ಒಂದೇ ವಯಸ್ಸಿನದಾಗಿ ಕಾಣುತ್ತದೆ, ಅದೇ ನಾನು ಮಾಡಿದ ತಪ್ಪು. ಹಂಪಿಯಲ್ಲೂ ಇದೇ ತಪ್ಪು ಮಾಡುತ್ತೇವೆ.

ಎಲಿವೇಟರಿನ ಒಳಗೆ ಏನಿದೆ ಎಂದು ನೋಡುವ ಭಾಗ್ಯ ಒಮ್ಮೆ ಸಿಕ್ಕಿತು. ಅದರ ಗೋಡೆಯನ್ನು ಕಟ್ಟುವ ಬಗೆ ಕೇಳಿ. ಹಲಗೆಯನ್ನು ನಿಲ್ಲಿಸಿ ಹೊಡೆಯುವುದಿಲ್ಲ. ಇಟ್ಟಿಗೆಯಂತೆ ಒಂದರ ಮೇಲೊಂದು ಮಲಗಿಸಿ, ಮೊಳೆ ಹೊಡೆದು ಏರಿಸುತ್ತಾರೆ. ಬುಡದಲ್ಲಿ ಎಂಟು ಅಂಗುಲ ದಪ್ಪದ ಗೋಡೆ, ಮೇಲೆ ಹೋದಂತೆ ಆರು, ನಾಲ್ಕು. ಧಾನ್ಯದ ಒತ್ತಡ ಬುಡದಲ್ಲಿ ಹೆಚ್ಚು ತಾನೆ. ಒಳಗಿನ ಅಡ್ಡಗೋಡೆಗಳು ಮೂಲೆಯಲ್ಲಿ ಬೆರಳಿಗೆ ಬೆರಳು ಹೆಣೆದಂತೆ ಕೂಡಿಕೊಳ್ಳುತ್ತವೆ. ಲಕ್ಷಗಟ್ಟಲೆ ಮೊಳೆ. ಹೊರಗೆ ಬೆಂಕಿಯ ಕಿಡಿ ತಾಗದಂತೆ ತಗಡು. ರೈತನ ಗಾಡಿ ತೂಕವಾಗಿ ಒಳಗೆ ಬಂದು, ನೆಲದ ಜಾಲರಿಯ ಮೇಲೆ ಗೋಧಿ ಸುರಿಯುತ್ತದೆ. ಅದು ಕೆಳಗಿನ ಗುಂಡಿಗೆ ಬೀಳುತ್ತದೆ. ಗುಂಡಿಯಿಂದ ನೆತ್ತಿಯವರೆಗೆ ಸುತ್ತುವ ಒಂದು ಪಟ್ಟಿ, ಪಟ್ಟಿಯ ತುಂಬ ಪುಟ್ಟ ಬಟ್ಟಲುಗಳು, ನಮ್ಮ ಹಳೆಯ ಬಾವಿಯ ಪರ್ಷಿಯನ್ ಚಕ್ರದ ಹಾಗೆ. ಅಲ್ಲಿನವರು ಅದನ್ನು ‘ಕಾಲು’ ಎನ್ನುತ್ತಾರೆ, ಮೇಲಿನ ಕೋಣೆಯನ್ನು ‘ತಲೆಮನೆ’. ನೆತ್ತಿಯಲ್ಲಿ ಸುರಿದ ಗೋಧಿ, ತಿರುಗಿಸಬಲ್ಲ ಕೊಳವೆಯೊಂದರ ಮೂಲಕ ಬೇಕಾದ ಅಂಕಣಕ್ಕೆ ಇಳಿಯುತ್ತದೆ. ಒಮ್ಮೆ ಮೇಲೇರಿತೆಂದರೆ ಮುಂದಿನದನ್ನೆಲ್ಲ ಭೂಮಿಯ ಸೆಳೆತವೇ ನೋಡಿಕೊಳ್ಳುತ್ತದೆ, ಹಮಾಲರು ಬೇಡ. ಸರಕು ಗಾಡಿಯ ಬಾಗಿಲಿಗೆ ಒಳಗಿನಿಂದ ಹಲಗೆ ಬಡಿದು, ಸಂದಿನಿಂದ ಗೋಧಿ ತುಂಬುತ್ತಿದ್ದರು. ಒಳಗೆ ನಿಂತಾಗ ನನ್ನ ಮೂಗಿಗೆ ಬಡಿದದ್ದು ಹಳೆಯ ಗಿರಣಿಯ ವಾಸನೆ. ಗೋಧಿಯ ದೂಳು ಕಿಡಿ ತಾಗಿದರೆ ಮದ್ದಿನಂತೆ ಸಿಡಿಯುತ್ತದೆ, ಆದ್ದರಿಂದ ಮೊಬೈಲನ್ನೂ ಕಾರಿನಲ್ಲೇ ಬಿಟ್ಟು ಬನ್ನಿ ಎಂದಿದ್ದರು.

ಹಾಗಾದರೆ ಇಷ್ಟು ಗಟ್ಟಿಯಾದ ಕಣಜಗಳೂ ಯಾಕೆ ಪಾಳು ಬಿದ್ದವು? ನೂರು ಟನ್ ಹೊರುವ, ತಳದಲ್ಲಿ ಬಾಗಿಲಿರುವ ಹೊಸ ಗಾಡಿಗಳು ಬಂದವು. ಕವಲು ಹಾದಿಯ ತೆಳು ಹಳಿಗಳು ಅದನ್ನು ತಾಳಲಿಲ್ಲ. 1975ರಲ್ಲಿ ಸ್ನೇಕ್ ನದಿಯ ಮೇಲಿನ ಕೊನೆಯ ಅಣೆಕಟ್ಟು ಮುಗಿದು, ಸಮುದ್ರದಿಂದ 465 ಮೈಲಿ ಒಳಗಿನ ಲೂಯಿಸ್ಟನ್ ಊರು ಬಂದರಾಯಿತು. ಲಾರಿಯಲ್ಲಿ ಗೋಧಿ ಒಯ್ದು ದೋಣಿಗೆ ಸುರಿಯುವುದು ಅಗ್ಗವಾಯಿತು. ರೈಲನ್ನು ಕೊಂದದ್ದು ಕಾರು ಎಂದು ಎಲ್ಲರೂ ಹೇಳುತ್ತಾರೆ. ಪ್ರಯಾಣಿಕರ ರೈಲನ್ನು ಕೊಂದದ್ದು ಕಾರು, ಸರಿ. ಗೋಧಿಯ ರೈಲನ್ನು ಕೊಂದದ್ದು ಮಾತ್ರ ಬಹುಮಟ್ಟಿಗೆ ನದಿ. ಗ್ರೇವ್ಸ್ ಹಾಕಿದ ಹಳಿಗಳನ್ನು 1980ರ ದಶಕದ ವೇಳೆಗೆ ಕಿತ್ತು ಗುಜರಿಗೆ ಹಾಕಿದರು. ಈಗ ಮತ್ತೆ ಗಾಳಿ ತಿರುಗಿದೆ: ಓಕ್ಸ್‌ಡೇಲ್ ಮತ್ತು ರೊಸೇಲಿಯಾ ನಡುವಿನ ಮಕಾಯ್ ಎಂಬಲ್ಲಿ 110 ಗಾಡಿಗಳ ಇಡೀ ರೈಲನ್ನು ಒಮ್ಮೆಗೇ ತುಂಬುವ ಉಕ್ಕಿನ ಕಣಜ ಬಂದಿದೆ. ಒಂದೇ ಕಣಜ. ಹಿಂದೆ ಊರಿಗೆ ಮೂರು ಮೂರು ಇದ್ದವು.

ಹುಡುಕುವವರಿಗೆ ಏನು ಸಿಗುತ್ತದೆ ಎಂದು ಕೇಳುತ್ತೀರಿ. ಗೋಧಿ ಕೊಯ್ದ ಮೇಲೆ, ಸಂಜೆಯ ಓರೆ ಬಿಸಿಲಿನಲ್ಲಿ, ಸ್ಟೆಪ್ಟೋ ಬೆಟ್ಟ ಹತ್ತಿ ನಿಲ್ಲಬೇಕು. ಹಗಲಿನಲ್ಲಿ ಕಾಣದ ಏರಿಗಳೆಲ್ಲ ನೆರಳು ಚೆಲ್ಲಿ ಎದ್ದು ಬರುತ್ತವೆ. ಇಟ್ಟಿಗೆಯ ಉಪಕೇಂದ್ರಗಳಲ್ಲಿ ಕೆಲವು ಉಳಿದಿವೆ. ಎತ್ತರಕ್ಕೆ, ಕಿರಿದಾಗಿ, ಕಿಟಕಿ ಕಡಿಮೆ ಇರುವ ಇಟ್ಟಿಗೆಯ ಕಟ್ಟಡ ಬಯಲಲ್ಲಿ ನಿಂತಿದ್ದರೆ ಅದೇ ಎಂದು ಹತ್ತಿರ ಹೋಗಿ. ಗೋಡೆಯ ಮೇಲ್ಭಾಗದಲ್ಲಿ ತಂತಿ ಒಳಹೊಕ್ಕ ಗುಂಡನೆಯ ರಂಧ್ರಗಳಿದ್ದರೆ ನಮಸ್ಕಾರ ಮಾಡಿ. ನಾನು ಮಾಡಿದೆ, ಅಳಿಯ ಆಚೀಚೆ ನೋಡಿದ.

ಒಂದು ಗುರುತನ್ನು ನೋಡಲು ನನಗೆ ತಡವಾಗಿತ್ತು. ಕೋಲ್‌ಫ್ಯಾಕ್ಸಿನ ಹತ್ತಿರ ಪಲೂಸ್ ನದಿಗೆ ಈ ರೈಲಿನವರು ಹಾಕಿದ್ದ ಮರದ ಸೇತುವೆ ಇತ್ತು. ಮಳೆಗೆ ತೊಲೆಗಳು ಕೊಳೆಯದಂತೆ ಅವಕ್ಕೆ ಹಲಗೆ ಹೊದಿಸಿದ್ದರು. ರೈಲು ನಿಂತ ಮೇಲೂ ಹೊಲದ ದಾರಿಯಾಗಿ, ಸುಮಾರು ನೂರು ವರ್ಷ ಬಾಳಿದ ಸೇತುವೆ. 2020ರ ಸೆಪ್ಟೆಂಬರಿನಲ್ಲಿ ಬಿರುಗಾಳಿ ಎದ್ದ ದಿನ ಒಣಹುಲ್ಲಿಗೆ ಬಿದ್ದ ಬೆಂಕಿ ಅದನ್ನು ನುಂಗಿತು. ಅದೇ ದಿನ, ಸೆಪ್ಟೆಂಬರ್ 7ರಂದು, ರೊಸೇಲಿಯಾದ ಪಕ್ಕದ ಮಾಲ್ಡನ್ ಎಂಬ ಹಳೆಯ ರೈಲ್ವೆ ಊರಿನ ಬಹುಪಾಲು ಮನೆಗಳು ಇನ್ನೊಂದು ಬೆಂಕಿಯಲ್ಲಿ ಸುಟ್ಟುಹೋದವು. ನಾನು ಹೋದಾಗ ಸೇತುವೆಯ ಜಾಗದಲ್ಲಿ ನದಿಯ ಸದ್ದು ಮಾತ್ರ ಇತ್ತು.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು. ಎಲಿವೇಟರಿನಲ್ಲಿ ಇಲಿ ಕಾಟ ಇರಲಿಲ್ಲವೇ ಎಂದು ಗೋದಾಮು ಇಟ್ಟವರೊಬ್ಬರು ಕೇಳಿದರು. ಇಲಿ ಇಲ್ಲದ ಕಣಜ ಉಂಟೇ? ಪಾರಿವಾಳವೂ ಇದ್ದವು, ಈಗ ಅವುಗಳದೇ ರಾಜ್ಯ. ದಬ್ಬಣವನ್ನು ಕೊಟ್ಟರೇ ಎಂದು ಇನ್ನೊಬ್ಬರು ಕೇಳಿದರು. ಕೊಡಲು ಬಂದರು, ವಿಮಾನದಲ್ಲಿ ಬಿಡುವುದಿಲ್ಲ ಎಂದು ಹೇಳಿ ಹಿಂದಿರುಗಿಸಿದೆ. ಅದು ಅವರ ಅಜ್ಜನದು.

ಮೂರನೆಯದು ಹಿಂದಿನ ಸಾಲಿನ ಡಿಪ್ಲೊಮಾ ಹುಡುಗನೊಬ್ಬನದು: “ಸರ್, ರೈಲಿಗೆ 1907ರಲ್ಲೇ ಕರೆಂಟು ಬಂತು ಅಂದಿರಿ. ಆ ರೈತರ ಮನೆಗಳಿಗೆ ಯಾವಾಗ ಬಂತು?”

ನಾನು ಅದೇ ಪ್ರಶ್ನೆಯನ್ನು ಆ ಯಜಮಾನರಿಗೆ ಕೇಳಿದ್ದೆ. ರೈಲಿನ ತಂತಿಯ ವಿದ್ಯುತ್ತನ್ನು ಹಾಗೇ ಮನೆಗೆ ಇಳಿಸಿಕೊಳ್ಳುವಂತಿರಲಿಲ್ಲ. 6,600 ವೋಲ್ಟು, ಅದೂ 25 ಆವರ್ತ. ದೀಪ ಕಣ್ಣು ಮಿಟುಕಿಸುತ್ತದೆ. ಒಂಟಿ ಹೊಲಮನೆಗೆ ಕಂಬ ನೆಡಲು ಕಂಪನಿಗಳಿಗೆ ಆಸಕ್ತಿ ಇರಲಿಲ್ಲ. 1930ರ ದಶಕದ ನಡುವಿನಲ್ಲಿ ಇಡೀ ಅಮೆರಿಕದಲ್ಲಿ ವಿದ್ಯುತ್ ಇದ್ದ ರೈತರ ಮನೆ ಹತ್ತರಲ್ಲಿ ಒಂದು. 1935ರಲ್ಲಿ ಸರ್ಕಾರ ಗ್ರಾಮೀಣ ವಿದ್ಯುದೀಕರಣಕ್ಕೆ ಇಲಾಖೆ ತೆರೆದು ಸಾಲ ಕೊಟ್ಟ ಮೇಲೆ, ರೈತರೇ ಸಹಕಾರ ಸಂಘ ಕಟ್ಟಿ ಕಂಬ ನೆಟ್ಟುಕೊಂಡರು. ನಮ್ಮ ತಾಯಿಯ ತವರೂರಿನ ಮೇಲೆಯೂ ಶಿವನಸಮುದ್ರದಿಂದ ಕೋಲಾರಕ್ಕೆ ಹೋಗುವ ತಂತಿ ಹಾದಿತ್ತು. ಅಜ್ಜಿ ಅದರ ಕೆಳಗೆ ಸೀಮೆಎಣ್ಣೆ ಬುಡ್ಡಿ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದರು.

ಯಜಮಾನರು ಲೆಕ್ಕ ಹಾಕಿ ಹೇಳಿದ್ದು ಹೀಗೆ: “ನಮ್ಮ ಮನೆಯಲ್ಲಿ ದೀಪ ಹತ್ತಿದ ವರ್ಷವೇ ರೈಲಿನವರು ಬಂದು ಹೊಲದಲ್ಲಿದ್ದ ತಮ್ಮ ಕಂಬ ಕಿತ್ತುಕೊಂಡು ಹೋದರಂತೆ. ಒಂದು ಕಂಬವನ್ನು ಅಜ್ಜ ಕೇಳಿ ಇಟ್ಟುಕೊಂಡರು. ಕೊಟ್ಟಿಗೆಗೆ ತೊಲೆ ಬೇಕಾಗಿತ್ತು.”